ಕೋಟೆ ಬಾಗಿಲಿನ ಒಳಬದಿ

ತೆಹ್ರಾನ್, ಆಜರ್ ತಿಂಗಳ ೮, ೧೩೫೫

ಸರ್ಕಾರಿ ಕಾಗದಗಳಲ್ಲಿ ಇನ್ನು ರಾಜರ ಹೊಸ ಶಕೆಯ ಪ್ರಕಾರ ಈ ವರ್ಷವನ್ನು ೨೫೩೫ ಎಂದು ಬರೆಯಬೇಕಂತೆ. ಒಂದೇ ಏಟಿಗೆ ನಮಗೆಲ್ಲ ಸಾವಿರಕ್ಕೂ ಹೆಚ್ಚು ವರ್ಷ ವಯಸ್ಸಾಗಿಹೋಯಿತು. ನನ್ನ ದಿನಚರಿಗೆ ಸರ್ಕಾರದ ಹಂಗಿಲ್ಲ, ಹಳೆಯ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ.

ಇವತ್ತು ನನ್ನ ಬ್ಯಾಲೆಗೆ ಒಪ್ಪಿಗೆ ಸಿಕ್ಕಿತು. ನಮ್ಮ ರಂಗಮಂದಿರದ ನಿರ್ದೇಶಕರು, ಎಲ್ಲರ ಬಾಯಲ್ಲೂ ಡಾಕ್ಟರ್ ಸಾಹೇಬರು, ಚಹಾ ತರಿಸಿ, “ಅರ್ದಲಾನ್, ಪರದೇಶದ ರಾಜಕುಮಾರಿಯರು ಸಾಕಾಗಿಹೋದ್ರು ಕಣಯ್ಯಾ. ನೌರೋಜ್ ಹಬ್ಬಕ್ಕೆ ಮುಂಚೆ ನಮ್ಮದೇ ಒಂದು ಕತೆ ಕುಣಿಸು” ಎಂದರು.

ನಾನು ಆರಿಸಿಕೊಂಡಿರುವುದು ನೀವ್‌ಜಾದನ ಕತೆ. ನಮ್ಮ ಹಳೆಯ ರಾಜರ ಮಹಾಕಾವ್ಯದ ಯಾವ ಪ್ರತಿಯಲ್ಲೂ ಅದಿಲ್ಲ. ಚಹಾದಂಗಡಿಗಳಲ್ಲಿ ಕಾವ್ಯ ಹೇಳುವ ಕತೆಗಾರರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಉಪಕತೆ ಅದು. ಗಡಿಯ ಕೋಟೆಯ ಬಾಗಿಲು ಕಾಯುವವನು ತಂದೆ. ಶತ್ರುಗಳನ್ನು ತಡೆಯಲು ಹೊರಗೆ ಹೋದವನು ಮಗ ನೀವ್‌ಜಾದ್. ಗಾಯಗೊಂಡ ಮಗ ಓಡಿಬಂದು ಬಾಗಿಲು ಬಡಿಯುತ್ತಾನೆ. ಅವನ ಬೆನ್ನಿಗೇ ಶತ್ರುಸೈನ್ಯ. ತೆಗೆದರೆ ಊರು ಉರಿಯುತ್ತದೆ, ತೆಗೆಯದಿದ್ದರೆ ಮಗ ಸಾಯುತ್ತಾನೆ. ತಂದೆ ತೆಗೆಯುವುದಿಲ್ಲ.

ತೆಗೆಯುವುದಿಲ್ಲ, ಸರಿ. ಆದರೆ ಬಾಗಿಲಿನ ಒಳಗಡೆ ನಿಂತು ಅವನು ಏನು ಮಾಡುತ್ತಾನೆ? ಆ ಪಾತ್ರ ಕುಣಿಯಬೇಕಾದವನು ನಾನೇ. ಸಂಗೀತ ಸಿದ್ಧವಿದೆ, ಅದು ನುಡಿಯುವಷ್ಟು ಹೊತ್ತು ನನ್ನ ಮೈ ಮಾತ್ರ ಖಾಲಿ. ಅದನ್ನು ಬಲ್ಲವನು ಈಗ ಊರಿನಲ್ಲಿ ಒಬ್ಬನೇ ಉಳಿದಿದ್ದಾನೆ. ದಕ್ಷಿಣದ ಗಲ್ಲಿಯ ಮುದುಕ ಕತೆಗಾರ ಯದೊಲ್ಲಾ, ಕೇಳುಗರ ಬಾಯಲ್ಲಿ ಮೊರ್ಷೆದ್, ಅಂದರೆ ಗುರು. ನನ್ನ ಅಪ್ಪ.

ಹದಿನೈದನೇ ವಯಸ್ಸಿನಲ್ಲಿ ನಾನು ಬ್ಯಾಲೆ ಶಾಲೆಗೆ ಸೇರಿದ ದಿನ ಮುದುಕ ಮನೆ ಬಾಗಿಲಿಗೆ ಅಗಣಿ ಹಾಕಿದ. ಬಡಿದೆ, ಬಡಿದೆ, ತೆಗೆಯಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿ ಅಲ್ಲೇ ಬೆಳೆದೆ. ಅಮ್ಮ ಸತ್ತಾಗ ಹೋಗಿದ್ದು ಬಿಟ್ಟರೆ ಆ ಗಲ್ಲಿಗೆ ಕಾಲಿಟ್ಟವನಲ್ಲ. ಕತೆ ಆರಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕತೆ ಚೆನ್ನಾಗಿದೆ, ಅದಕ್ಕೇ ಆರಿಸಿದೆ. ಈಗ ಹೋಗಬೇಕಾಗಿರುವುದೂ ಕೆಲಸಕ್ಕಾಗಿ, ಅಷ್ಟೇ.

ಆಜರ್ ೧೧

ಬಾಗಿಲು ತೆಗೆದವಳು ತೂಬಾ ಅಕ್ಕ. ಗಂಡ ತೀರಿಕೊಂಡ ಮೇಲೆ ಮುದುಕನನ್ನು ಅವಳೇ ನೋಡಿಕೊಳ್ಳುತ್ತಿದ್ದಾಳೆ. ನನ್ನನ್ನು ಕಂಡು ಕೈಯಲ್ಲಿದ್ದ ಟರ್ನಿಪ್ ಗಡ್ಡೆಯನ್ನೇ ಬೀಳಿಸಿಬಿಟ್ಟಳು.

“ಯಾರೇ ಅದು?” ಒಳಗಿನಿಂದ ಕೆಮ್ಮು ಕೇಳಿಸಿತು.

“ಅರ್ದಲಾನ್ ಬಂದಿದಾನೆ ಅಪ್ಪಾ.”

“ಪ್ಯಾಂಟ್ ಹಾಕ್ಕೊಂಡಿದಾನಾ, ಇಲ್ಲಾ ಆ ಕುಣಿಯೋ ಚಡ್ಡೀಲೇ ಬಂದಿದಾನಾ ನೋಡು. ಪ್ಯಾಂಟ್ ಇದ್ರೆ ಒಳಗೆ ಬಿಡು.”

ಆರು ತಿಂಗಳಿನಿಂದ ಹಾಸಿಗೆ ಹಿಡಿದಿದ್ದಾನಂತೆ. ಹೃದಯಕ್ಕೆ ಶಕ್ತಿಯಿಲ್ಲ, ಕಾಲು ಊದಿದೆ, ಉಸಿರು ಸಾಲದು. ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಹಾಸಿಗೆಯನ್ನು ಗೋಡೆಗೆ ಆನಿಸಿ ಹಾಕಿದ್ದಾರೆ. ಗೋಡೆಯ ಆಚೆ ಕಂಚುಗಾರನ ಅಂಗಡಿ, ದಿನವಿಡೀ ಸುತ್ತಿಗೆ ಸದ್ದು. ಕತೆ ಹೇಳುವಾಗ ಹಿಡಿಯುತ್ತಿದ್ದ ಕೋಲು ತಲೆಯ ಮೇಲೆ ಮೊಳೆಗೆ ನೇತಾಡುತ್ತಿತ್ತು.

“ಏನೋ ಅದು ಡಬ್ಬಿ?”

“ರೆಕಾರ್ಡರ್. ನೀವು ಹೇಳಿ, ಅದು ಹಿಡಿದಿಟ್ಟುಕೊಳ್ಳುತ್ತೆ.”

“ಅದು ಅಳುತ್ತಾ?”

“ಇಲ್ಲ.”

“ಅಳೋಕೆ ಬಾರದವರ ಮುಂದೆ ನಾನು ಕತೆ ಹೇಳಲ್ಲ. ಆಚೆ ಇಡು.”

ನನಗೆ ಬಾಗಿಲಿನ ಭಾಗ ಒಂದೇ ಸಾಕು ಎಂದೆ. ಮುದುಕ ಎದ್ದು ಕೂರಲು ನೋಡಿದ. “ಒಂದೇ ಸಾಕಂತೆ! ಹುಡುಗ ಇನ್ನೂ ಹುಟ್ಟೇ ಇಲ್ಲ, ಸಾಯಿಸು ಅಂತಾನೆ ನೋಡೇ ಇವನು! ಮೊದಲು ಹುಟ್ಟಲಿ ಕಣೋ.” ಹಾಗೆಂದು ನೀವ್‌ಜಾದನ ತಾತನ ಮದುವೆಯಿಂದ ಶುರುಮಾಡಿದ. ಚಹಾ ಎರಡು ಸಲ ಬಂದುಹೋದರೂ ಮದುಮಗ ಕುದುರೆ ಹತ್ತಲಿಲ್ಲ. ಕೈಗಡಿಯಾರ ನೋಡಿಕೊಂಡು ಎದ್ದುಬಂದೆ.

ಆಜರ್ ೨೨

ದಿನ ಬಿಟ್ಟು ದಿನ ಹೋಗುತ್ತಿದ್ದೇನೆ. ಹುಡುಗ ಹುಟ್ಟಿದ. ಕುದುರೆ ಪಳಗಿಸಿದ. ಮುದುಕ ಅವನನ್ನು ಬೆಳೆಸುವ ಅವಸರದಲ್ಲೇ ಇಲ್ಲ. ಕೇಳಿದರೆ, “ನಿನಗೇನು, ಬಸ್ಸು ಹೊರಟುಹೋಗುತ್ತಾ?” ಎನ್ನುತ್ತಾನೆ.

ಆಜರ್ ೩೦

ಯಲ್ದಾ ಹಬ್ಬ, ವರ್ಷದ ಅತಿ ಉದ್ದದ ರಾತ್ರಿ. ಸಂಜೆಗೇ ಹೋದೆ. ಅಕ್ಕ ಕೆಳಗೆ ಕೆಂಡವಿಟ್ಟ ಕುಳ್ಳ ಮೇಜಿನ ಮೇಲೆ ರಜಾಯಿ ಹೊದಿಸಿ, ದಾಳಿಂಬೆ, ಕಲ್ಲಂಗಡಿ ಇಟ್ಟಿದ್ದಳು. ಮುದುಕ ಹತ್ತಾರು ವರ್ಷ ಕತೆ ಹೇಳಿದ ಚಹಾದಂಗಡಿಯ ಯಜಮಾನ ಮಷ್ ಗೊರ್ಬಾನ್ ಹಳೆಯ ಕೇಳುಗರನ್ನು ಕಟ್ಟಿಕೊಂಡು ಬಂದಿದ್ದ. ಮುದುಕನಿಗೆ ಎಲ್ಲಿಂದ ಬಂತೋ ಶಕ್ತಿ, ಕೋಲು ಇಳಿಸಿಕೊಂಡು ದಿಂಬಿಗೆ ಒರಗಿ ಕೂತ. ಸೇತುವೆ ಮುರಿಯಿತು. ಹುಡುಗನ ಪಕ್ಕೆಗೆ ಬಾಣ ನಾಟಿತು. ಕೋಟೆಯ ಕಡೆಗೆ ತಿರುಗಿ ಓಡಿದ. ಕೊನೆಗೂ ಬಂತು ಅಂದುಕೊಂಡೆ.

ಆಗ ಮಷ್ ಗೊರ್ಬಾನ್ ಎದ್ದು, ಕೋಟಿನೊಳಗಿಂದ ನೀಲಿ ಕಾಗದ ಸುತ್ತಿದ ದೊಡ್ಡ ಸಕ್ಕರೆ ಅಚ್ಚೊಂದನ್ನು ತೆಗೆದು ಮುದುಕನ ಮುಂದಿಟ್ಟ. “ಮೊರ್ಷೆದ್, ನಿಮ್ಮ ಕಾಲು ಹಿಡೀತೀನಿ. ಹುಡುಗನ್ನ ಇವತ್ತು ಕೊಲ್ಲಬೇಡಿ. ಹಬ್ಬದ ದಿನ.”

ಮರೆತೇಬಿಟ್ಟಿದ್ದೆ. ಬಾಗಿಲಿನ ಸಂಜೆ ಬಂತೆಂದರೆ ಕೇಳುಗರು ಸಕ್ಕರೆ, ಬಟ್ಟೆ, ಉಳ್ಳವರಾದರೆ ಟಗರು ತಂದು ಕತೆಗಾರನನ್ನು ಬೇಡಿಕೊಳ್ಳುತ್ತಾರೆ. ಅವನು ಮುಟ್ಟಿದರೆ ಆ ದಿನ ಹುಡುಗ ಸಾಯುವಂತಿಲ್ಲ. ನಾನು ಚಿಕ್ಕವನಿದ್ದಾಗ ಇಡೀ ಚಳಿಗಾಲ ಹೀಗೇ ಕಳೆದದ್ದುಂಟು. ಮುದುಕ ಅಚ್ಚನ್ನು ಕೈಯಲ್ಲಿ ತೂಗಿ ನೋಡಿ, “ಸರಿ. ಇವತ್ತು ಬದುಕಲಿ” ಎಂದ. ಎಲ್ಲರ ಮುಖ ಅರಳಿತು. ನನ್ನ ಮೈಯೆಲ್ಲ ಉರಿದುಹೋಯಿತು.

ಮಷ್ ಗೊರ್ಬಾನನನ್ನು ಅಂಗಳದಲ್ಲಿ ಹಿಡಿದೆ. “ನನ್ನ ಕೆಲಸಕ್ಕೆ ಕಲ್ಲು ಹಾಕಿದ್ರಲ್ಲ!”

“ಕೋಪ ಮಾಡ್ಕೋಬೇಡ ಮಗಾ. ಆ ಹುಡುಗ ನಾನು ಹುಟ್ಟೋಕೆ ಮುಂಚಿನಿಂದ ಸಾಯ್ತಾನೇ ಇದಾನೆ. ಇನ್ನೊಂದಿನ ಉಳಿದ್ರೆ ನಿನಗೇನು ನಷ್ಟ?”

ಕೆಲಸವಿಲ್ಲದ ಮುದುಕರು. ಇವರ ಆಟಕ್ಕೆ ನನ್ನ ಬ್ಯಾಲೆಯೇ ಬೇಕಿತ್ತೆ?

ದೇ ತಿಂಗಳ ೭

ರಂಗದ ಮೇಲೆ ಮರದ ಬಾಗಿಲು ನಿಂತಿದೆ. ನಿಜವಾದ ಮರ, ಎರಡಾಳು ಎತ್ತರ. ನೀವ್‌ಜಾದ್ ಆಗುವವನು ಶಾಹೀನ್, ಹತ್ತೊಂಬತ್ತರ ಹುಡುಗ. ಇವತ್ತು ಬಡಿದು ಬಡಿದು ಗೆಣ್ಣುಗಳನ್ನೆಲ್ಲ ಊದಿಸಿಕೊಂಡ.

“ಉಸ್ತಾದ್, ಒಳಗೆ ನೀವೇನು ಮಾಡ್ತಿದೀರಿ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಹಾಗೆ ಬಡೀತೀನಿ.”

“ಏನೂ ಮಾಡ್ತಿಲ್ಲ.”

“ಹೌದು, ಹಾಗೇ ಕೇಳಿಸ್ತಿದೆ.”

ಬೈಯಬೇಕೆಂದುಕೊಂಡೆ. ಬದಲಿಗೆ ಮತ್ತೆ ಬಾಗಿಲಿನ ಹಿಂದೆ ಹೋಗಿ ನಿಂತೆ. ಮಂಡಿಯೂರಿ ನೋಡಿದೆ, ಕಿವಿ ಮುಚ್ಚಿಕೊಂಡು ನೋಡಿದೆ, ತಲೆ ಚಚ್ಚಿಕೊಂಡೂ ನೋಡಿದೆ. ಎಲ್ಲವೂ ನಟನೆ. ಮಗ ಸಾಯುತ್ತಿರುವಾಗ ಯಾವ ತಂದೆಯೂ ಅಷ್ಟು ಚೆನ್ನಾಗಿ ಕೈ ಬೀಸುವುದಿಲ್ಲ.

ದೇ ೧೩

ಹಬ್ಬದ ದಣಿವಿಗೆ ಮುದುಕ ಸೋತಿದ್ದಾನೆ. ಕತೆಯನ್ನು ಮತ್ತೆ ಕುದುರೆಯಿಂದ ಶುರುಮಾಡಿದ. ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾನೆ. ಸುತ್ತಿಗೆ ಸದ್ದು ಕೇಳಿಸಿದಾಗಲೆಲ್ಲ ಕೈ ಚಾಚಿ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿಯುತ್ತಾನೆ. ಗೋಡೆ ಅಷ್ಟಷ್ಟು ಅದುರುತ್ತದೆ.

“ಕಂಚುಗಾರನಿಗೆ ಸ್ವಲ್ಪ ಹೇಳಿ ಬರಲಾ?”

“ಬಡೀಲಿ ಬಿಡೋ.”

“ಗೋಡೆ ಬೆಚ್ಚಗಿದೆಯಾ?”

ಮುದುಕ ನನ್ನನ್ನೇ ನೋಡಿದ. “ಬೆಚ್ಚಗಿದೆ. ಕೈಯಿಟ್ಟು ನೋಡು.”

ಇಟ್ಟೆ. ಮಂಜಿನಂತೆ ಕೊರೆಯುತ್ತಿತ್ತು. ಇವನಿಗೆ ಬಿಸಿಯೂ ತಂಪೂ ತಿಳಿಯುತ್ತಿಲ್ಲ, ವೈದ್ಯರಿಗೆ ಹೇಳಬೇಕು.

ದೇ ೨೧

ಇವತ್ತು ಅಭ್ಯಾಸ ಇರಲಿಲ್ಲ. ದಾರಿಯಲ್ಲೇ ಸಿಗುತ್ತದೆ ಎಂದು ಆ ಕಡೆ ಹೋದೆ. ದಾರಿಯಲ್ಲಿ ಸಿಗುವುದಿಲ್ಲ, ಎರಡು ಬಸ್ಸು ಬದಲಾಯಿಸಬೇಕು. ಕತೆ ಕೇಳಲಿಲ್ಲ. ಅಕ್ಕ ಬಿಸಿನೀರು ತಂದಳು, ನಾನು ಮುದುಕನ ಗಡ್ಡ ಹೆರೆದೆ. ಕೆನ್ನೆ ಒಳಕ್ಕೆ ಹೋಗಿದೆ, ನಾಲಿಗೆಯಿಂದ ಒಳಗಿನಿಂದ ದೂಡಿ ಕತ್ತಿಗೆ ಕೊಡಬೇಕೆಂದು ತಾನೇ ಹೇಳಿಕೊಟ್ಟ.

ಆಮೇಲೆ, “ಎಲ್ಲಿ, ಏನೋ ಕುಣೀತೀಯಂತಲ್ಲ, ತೋರಿಸು” ಎಂದ. ತಮಾಷೆಯೆಂದುಕೊಂಡೆ. ಅಲ್ಲ. ಒಲೆಗೂ ಹಾಸಿಗೆಗೂ ನಡುವೆ ಇದ್ದ ಜಾಗದಲ್ಲಿ, ಕಾಲುಚೀಲದಲ್ಲೇ, ಕಾವಲುಗಾರ ಬುರುಜಿನ ಮೇಲೆ ಮಗನ ದಾರಿ ನೋಡುವ ಭಾಗವನ್ನು ಮಾಡಿದೆ. ಎದುರಿಗೆ ಮಂತ್ರಿಗಳು ಕೂತಾಗಲೂ ನಾನು ಇಷ್ಟು ಹೆದರಿದ್ದಿಲ್ಲ. ಒಂದು ಜಿಗಿತಕ್ಕೆ ಕಪಾಟಿನ ಲೋಟಗಳೆಲ್ಲ ಗಲಗಲ ಎಂದವು. ಮುಗಿದ ಮೇಲೆ ಕೇಳಿದ.

“ಮಂಡಿ ನೋಯಲ್ವೇನೋ?”

“ನೋಯುತ್ತಪ್ಪಾ.”

“ತೂಬಾ, ಇವನಿಗೆ ಕುರಿಕೊಬ್ಬು ಕಾಯಿಸಿ ಕೊಡೇ. ಹಚ್ಕೊಳ್ಳಲಿ.”

ಕೋಣೆಯೆಲ್ಲ ಕುರಿಕೊಬ್ಬಿನ ನಾತ. ನಾಳೆ ರಂಗಮಂದಿರದಲ್ಲಿ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಆದರೂ ಹಚ್ಚಿಕೊಂಡಿದ್ದೇನೆ.

ಬಹ್ಮನ್ ೨

ಹಿಮ. ಅಪ್ಪ ಏನೂ ತಿನ್ನಲಿಲ್ಲ. ಸಿಹಿನಿಂಬೆ ರಸ ಎರಡು ಚಮಚ ಒಳಗೆ ಹೋಯಿತು. ತಾರಸಿಯ ಹಿಮ ಗೋರಿ ಹಾಕಿ ಬಂದೆ.

ಬಹ್ಮನ್ ೫

ಡಾಕ್ಟರ್ ಸಾಹೇಬರು ಕೂಗಾಡಿದರು. ಭಿತ್ತಿಪತ್ರ ಅಚ್ಚಾಗಿದೆ, ಕೊನೆಯ ದೃಶ್ಯ ಎಲ್ಲಿ ಎಂದರು. ಬರುತ್ತಿದೆ ಎಂದೆ.

ಸಂಜೆ ಅಪ್ಪ ಕೈಸನ್ನೆ ಮಾಡಿ ಹತ್ತಿರ ಕರೆದರು. ಮಾತು ಈಗ ಪಿಸುಗುಟ್ಟಿದಂತೆ. “ನಾಳೆ ಬಾ. ಬಾಗಿಲು ಹೇಳ್ತೀನಿ. ಎಷ್ಟು ದಿನ ಅಂತ ಕಾಯಿಸಲಿ ನಿನ್ನ.” ಕೊನೆಗೂ ಸಿಗುತ್ತದೆ. ಸಂತೋಷಪಡಬೇಕಿತ್ತು. ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿಹೋದದ್ದೂ ಗೊತ್ತಾಗಲಿಲ್ಲ.

ಬಹ್ಮನ್ ೬

ದಾರಿಯಲ್ಲಿ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಅಚ್ಚೊಂದನ್ನು ಕೊಂಡೆ. ಅಪ್ಪನ ಮನೆಯಲ್ಲಿ ಸಕ್ಕರೆ ಮುಗಿದಿರಬಹುದು ಅಂದುಕೊಂಡಿದ್ದೆ.

ಅಪ್ಪ ಕಾಯುತ್ತಿದ್ದರು. ಅಕ್ಕನಿಂದ ಕೋಲು ತರಿಸಿಕೊಂಡು ಎದೆಯ ಮೇಲೆ ಇಟ್ಟುಕೊಂಡಿದ್ದರು. “ಕೂತ್ಕೋ” ಎಂದರು. ನಾನು ಕೂರಲಿಲ್ಲ. ನೀಲಿ ಕಾಗದದ ಅಚ್ಚನ್ನು ಅವರ ಕೈ ಹತ್ತಿರ ಇಟ್ಟೆ.

“ಅಪ್ಪಾ, ಇವತ್ತು ಬೇಡ. ಹುಡುಗ ಬದುಕಲಿ.”

ಅವರ ಕಣ್ಣು ದೊಡ್ಡದಾಯಿತು. “ನಿನ್ನ ಕೆಲಸ?”

“ಕೆಲಸ ಹಾಳಾಗಿಹೋಗಲಿ. ನಿಮ್ಮ ಕಾಲು ಹಿಡೀತೀನಿ, ಇವತ್ತು ಬೇಡ.”

ಎತ್ತಲು ಆಗಲಿಲ್ಲ ಅವರಿಗೆ. ನಾನೇ ಅವರ ಬೆರಳುಗಳನ್ನು ಹಿಡಿದು ಅಚ್ಚಿನ ಮೇಲಿಟ್ಟೆ. “ಸರಿ” ಎಂದರು. “ಬದುಕಲಿ.” ಆಮೇಲೆ ನಕ್ಕರು. ನಗು ಕೆಮ್ಮಾಯಿತು, ಅಕ್ಕ ಓಡಿಬಂದು ನನ್ನನ್ನೇ ಬೈದಳು.

ವೈದ್ಯರು ಮಾತಾಡಿಸಬೇಡಿ ಎಂದಿದ್ದರು. ಅದಕ್ಕೇ ಹಾಗೆ ಮಾಡಿದ್ದು, ಬೇರೇನಿಲ್ಲ.

ಬಹ್ಮನ್ ೮

ಅಪ್ಪನಿಗೆ ಮಾತು ನಿಂತುಹೋಗಿದೆ. ಕಂಚುಗಾರನ ಬಳಿ ಹೋಗಿ, ನಾಲ್ಕು ದಿನ ಸುತ್ತಿಗೆ ನಿಲ್ಲಿಸಪ್ಪಾ, ರೋಗಿಗೆ ನಿದ್ದೆಯಿಲ್ಲ ಎಂದೆ. ಒಳ್ಳೆಯ ಮನುಷ್ಯ, “ಮೊರ್ಷೆದ್‌ಗಿಂತ ಪಾತ್ರೆ ಹೆಚ್ಚಾ?” ಎಂದು ಆಗಲೇ ಅಂಗಡಿ ಮುಚ್ಚಿದ. ಮನೆ ತಣ್ಣಗಾಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಆದರೆ ಅಪ್ಪನಿಗೆ ಸಮಾಧಾನವಿಲ್ಲ. ದಿನವಿಡೀ ಗೋಡೆಯ ಮೇಲೆ ಕೈಯಾಡಿಸಿದರು, ಏನೋ ಹುಡುಕುವಂತೆ. ಮೇಲೆ, ಕೆಳಗೆ, ಪಕ್ಕಕ್ಕೆ. ಏನು ಬೇಕಪ್ಪಾ ಎಂದರೆ ಮತ್ತೆ ಗೋಡೆಯನ್ನೇ ತಡವಿದರು. ಕೈ ತಣ್ಣಗಾಗುತ್ತದೆಂದು ಹೊದಿಕೆಯೊಳಗೆ ಇಟ್ಟೆ. ತೆಗೆದರು. ಮತ್ತೆ ಇಟ್ಟು, ತೆಗೆಯದಂತೆ ನನ್ನ ಕೈಯಲ್ಲಿ ಹಿಡಿದುಕೊಂಡು ಕೂತೆ.

ಬಹ್ಮನ್ ೯

ಬೆಳಿಗ್ಗೆ ಅಪ್ಪ ಹೋದರು.

ಬಹ್ಮನ್ ೧೭

ಮಷ್ ಗೊರ್ಬಾನ್ ಚಹಾದಂಗಡಿಯ ದೀಪಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದಾನೆ. ಡಾಕ್ಟರ್ ಸಾಹೇಬರು ಬಂದು ಸಾವಿನ ಮನೆಯ ಖರ್ಜೂರ ತಿಂದು, ಮೆಲ್ಲಗೆ, “ಆ ಕೊನೆಯ ಭಾಗಕ್ಕೆ ದೀಪ ಆರಿಸಿಬಿಡೋಣ. ಬಡಿಯೋ ಸದ್ದು ಕೇಳಿಸಲಿ, ನೀನು ಕಾಣಿಸೋದು ಬೇಡ” ಎಂದರು. ಆಗಲಿ ಎಂದೆ. ಅಪ್ಪ ಹೇಳುತ್ತೇನೆ ಎಂದಿದ್ದರು, ಬೇಡ ಎಂದವನು ನಾನು. ಇನ್ನು ಯಾರನ್ನು ಕೇಳಲಿ? ಕತ್ತಲೆಯೇ ಸರಿ.

ಎಸ್ಫಂದ್ ೧೯

ಇವತ್ತು ಅಪ್ಪನ ನಲವತ್ತನೇ ದಿನ. ಅಕ್ಕ ದೊಡ್ಡ ಬಾಣಲೆಯಲ್ಲಿ ಹಲ್ವಾ ತಿರುವುತ್ತಿದ್ದಳು, ನಾನು ಕೇಸರಿ ಕುಟ್ಟುತ್ತಿದ್ದೆ. ಕಂಚುಗಾರ ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಅವತ್ತು ಮುಚ್ಚಿದವನು ಇಷ್ಟು ದಿನವೂ ಭಾವನ ಅಂಗಡಿಯಲ್ಲಿ ಕೆಲಸ ಮಾಡಿದನಂತೆ. “ನಿಮ್ಮ ಅಪ್ಪಣೆ ಇದ್ರೆ ನಾಳೆಯಿಂದ ಇಲ್ಲೇ ಶುರುಮಾಡ್ತೀನಿ.”

“ಧಾರಾಳವಾಗಿ ಮಾಡಪ್ಪಾ,” ಎಂದಳು ಅಕ್ಕ. ಅವನು ಹೋದಮೇಲೆ ಸೌಟು ನಿಲ್ಲಿಸದೆ ಹೇಳಿದಳು, “ಅಪ್ಪನಿಗೆ ಆ ಸದ್ದು ಅಂದ್ರೆ ಪ್ರಾಣ. ನೀನು ನಿಲ್ಲಿಸಿದಾಗ ಹೇಳೋಣ ಅಂದ್ಕೊಂಡೆ. ನಿನಗೆ ಬೇಜಾರಾಗುತ್ತೆ ಅಂತ ಸುಮ್ಮನಾದೆ.”

“ಸುತ್ತಿಗೆ ಸದ್ದು ಯಾಕೆ ಪ್ರಾಣ?”

“ಅದಕ್ಕೇ ಅಲ್ವಾ ಹಾಸಿಗೆ ಆ ಗೋಡೆಗೆ ಹಾಕಿಸಿಕೊಂಡಿದ್ದು. ನಿನಗೆ ಗೊತ್ತಿಲ್ವಾ?” ಅವಳು ನನ್ನ ಮುಖ ನೋಡಿದಳು. “ನೀನು ಬಾಗಿಲು ಬಡಿದ ದಿನ, ಅಗಣಿ ಹಾಕಿ ಅವರು ಒಳಗೆ ಹೋಗಿ ಕೂತ್ರು ಅಂದ್ಕೊಂಡಿದೀಯಾ? ಬಾಗಿಲ ಹಿಂದೇನೇ ನಿಂತಿದ್ರು ಕಣೋ. ನಿನ್ನ ಮುಷ್ಟಿ ಎಲ್ಲಿ ಬೀಳುತ್ತೋ ಅಲ್ಲಿ ಅಂಗೈ ಒತ್ತಿ ಹಿಡ್ಕೊಂಡು. ಹೀಗೆ.” ಹಿಟ್ಟಿನ ಕೈಯನ್ನು ಅಡುಗೆಮನೆ ಬಾಗಿಲಿಗೆ ಇಟ್ಟು ತೋರಿಸಿದಳು. “ನೀನು ಮೇಲೆ ಬಡಿದ್ರೆ ಕೈ ಮೇಲೆ, ಕೆಳಗೆ ಬಡಿದ್ರೆ ಕೆಳಗೆ. ನೀನು ಹೊರಟುಹೋದ ಮೇಲೂ ಹುಡುಕ್ತಾ ಇದ್ರು.”

“ಮತ್ತೆ ಯಾಕೆ ತೆಗೀಲಿಲ್ಲ ಅಕ್ಕಾ?”

“ನಾನೂ ಕಾಲು ಹಿಡಿದು ಕೇಳಿದೆ. ಕಾವಲುಗಾರ ಬಾಗಿಲು ತೆಗೆಯೋ ಕತೆ ಅವರಿಗೆ ಯಾರೂ ಕಲಿಸಿರಲಿಲ್ಲವೇನೋ.”

ಇನ್ನೊಬ್ಬರ ಕೈ ಏನು ಹೇಳುತ್ತಿದೆ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಮಾತು ಸೋಲುತ್ತಿದ್ದ ಅಷ್ಟು ದಿನವೂ ಅಪ್ಪ ನನ್ನ ಕಣ್ಣೆದುರೇ ಬಾಗಿಲಿನ ಭಾಗ ಹೇಳುತ್ತಿದ್ದರು. ಕೈಯಿಟ್ಟು ನೋಡು ಎಂದರು. ನಾನು ಇಟ್ಟು, ತಣ್ಣಗಿದೆ ಎಂದುಕೊಂಡೆ. ಆಮೇಲೆ ಬಡಿಯುವುದನ್ನೇ ನಿಲ್ಲಿಸಿಬಿಟ್ಟೆ. ಅವರು ಹುಡುಕಿದರು, ನಾನು ಆ ಕೈಯನ್ನು ಹೊದಿಕೆಯೊಳಗೆ ಹಾಕಿ ಹಿಡಿದುಕೊಂಡೆ. ಅಪ್ಪಾ, ಅಪ್ಪಾ, ನಾನು ನಿಮ್ಮನ್ನು ಎಷ್ಟು ವರ್ಷ ಹೊರಗೆ ನಿಲ್ಲಿಸಿದ್ದೆ!

ಎಸ್ಫಂದ್ ೨೫

ಪ್ರದರ್ಶನ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಮಷ್ ಗೊರ್ಬಾನ್ ಬಂದ. ಮದುವೆಗೆಂದು ಹೊಲಿಸಿದ ಕೋಟು ಹಾಕಿಕೊಂಡು, ಹಳೆಯ ಕೇಳುಗರನ್ನೆಲ್ಲ ಜೊತೆಗೆ ಕರೆದುಕೊಂಡು. ಕಂಕುಳಲ್ಲಿ ನೀಲಿ ಕಾಗದದ ಅಚ್ಚು.

“ಇಲ್ಲಿ ಇದೆಲ್ಲ ನಡೆಯುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನೀನೀಗ ಮೊರ್ಷೆದ್ ಜಾಗದಲ್ಲಿದೀಯಾ. ಹುಡುಗನ್ನ ಇವತ್ತು ಕೊಲ್ಲಬೇಡಪ್ಪಾ.”

ನಕ್ಕುಬಿಡಬಹುದಿತ್ತು. ನಾನು ಎದ್ದು ನಿಂತು, ಎರಡೂ ಕೈಯಲ್ಲಿ ಸಕ್ಕರೆ ತೆಗೆದುಕೊಂಡೆ. ಆಮೇಲೆ ಶಾಹೀನ್‌ನನ್ನು ಹುಡುಕಿಕೊಂಡು ಹೋಗಿ, “ಇವತ್ತು ಸತ್ತು ಬೀಳಬೇಡ. ನಾನು ಸಾಕು ಅನ್ನೋವರೆಗೂ ಬಡೀತಿರು” ಎಂದೆ. “ಸಂಗೀತ ಮುಗಿದುಹೋದ್ರೆ?” ಎಂದ. “ಮುಗೀಲಿ ಬಿಡು.” ದೀಪ ಆರಿಸುವುದು ಬೇಡ ಎಂದು ಡಾಕ್ಟರ್ ಸಾಹೇಬರಿಗೂ ಹೇಳಿದೆ.

ಕೊನೆಯ ದೃಶ್ಯ ಬಂತು. ಶಾಹೀನ್ ಬಡಿಯತೊಡಗಿದ. ನಾನು ಯಾವ ಹೆಜ್ಜೆಯನ್ನೂ ಹಾಕಲಿಲ್ಲ. ಸಭೆಗೆ ಬೆನ್ನು ತಿರುಗಿಸಿ, ಅವನ ಮುಷ್ಟಿ ಬೀಳುವ ಕಡೆ ಅಂಗೈ ಇಟ್ಟೆ. ಅವನು ಮೇಲೆ ಬಡಿದ, ಕೈ ಮೇಲೆ ಹೋಯಿತು. ಕೆಳಗೆ ಬಡಿದ, ಕೆಳಗೆ ಬಂತು. ಒಂದೊಂದು ಏಟೂ ಹಲಗೆಯನ್ನು ದಾಟಿ ಮೊಣಕೈವರೆಗೆ ಬರುತ್ತಿತ್ತು. ಬೆಚ್ಚಗಿತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ.

ವಾದ್ಯಗಳೆಲ್ಲ ನಿಂತವು. ಸಭೆಯಲ್ಲಿ ಯಾರೋ ಮುದುಕರು ಗಟ್ಟಿಯಾಗಿ ಅಳುತ್ತಿದ್ದರು. ಪರದೆ ಇಳಿಯಿತು. ಚಪ್ಪಾಳೆ ಬಹಳ ದೂರದಲ್ಲಿ ಕೇಳಿಸಿತು. ಬಾಗಿಲಿನ ಆಚೆಯಿಂದ ಶಾಹೀನ್ ಏದುಸಿರಿನಲ್ಲಿ ಕರೆದ. “ಉಸ್ತಾದ್, ಪರದೆ ಬಿತ್ತು. ಇನ್ನೂ ಬಡೀಲಾ?”

ಕೈ ಹಲಗೆಯ ಮೇಲೆಯೇ ಇತ್ತು. ಒಂದು ಸಲ ಕಂಚುಗಾರನಿಗೆ ನಿಲ್ಲಿಸು ಎಂದು ಹೇಳಿಬಿಟ್ಟಿದ್ದೇನೆ. ಇವತ್ತು ನನ್ನ ಬಾಯಿಂದ ಆ ಮಾತು ಬರಲಿಲ್ಲ. ಹುಡುಗ ಬಡಿಯುತ್ತಲೇ ಇದ್ದ.